ಮೊದಲನೆಯ ಹೂಮಣೆ

ಹಲಸಿನ ಹಲಗೆಯ ತುಂಡಿಗೆ ಎಂಬತ್ತು ರೂಪಾಯಿ. ಬಟ್ಟೆ ಒಣಗಿಸುವ ಕ್ಲಿಪ್ಪು ಒಂದು ಡಜನಿಗೆ ಮೂವತ್ತು. ಬೇಕಾದದ್ದು ಎರಡೇ, ಆದರೆ ಅಂಗಡಿಯವನು ಬಿಡಿಯಾಗಿ ಕೊಡುವುದಿಲ್ಲ. ಕೊಡೆಯ ಕಡ್ಡಿಗೆ ಕಾಸಿಲ್ಲ, ಮುರಿದ ಕೊಡೆ ಮನೆಯದೇ. ರಬ್ಬರಿನ ಚೂರು ಹಳೆಯ ಹವಾಯಿ ಚಪ್ಪಲಿಯದು. ಸ್ಕ್ರೂ, ಮರಳು ಕಾಗದ ಎಲ್ಲ ಸೇರಿ ಇಪ್ಪತ್ತು. ಹೀಗೆ ನೂರ ಮೂವತ್ತು ರೂಪಾಯಿಯಲ್ಲಿ ಆದ ವಸ್ತುವನ್ನು ತಮ್ಮದೆಂದು ಸರಕಾರದ ಕಾಗದದಲ್ಲಿ ಬರೆಸಲು ಬೀಳುವ ಖರ್ಚು ನಲವತ್ತಾರು ಸಾವಿರದ ಆರುನೂರು.

"ನಲವತ್ತಾರು ಸಾವಿರ!" ಬ್ರಯಾನ್ ಅನ್ನ ಕಲಸುವ ಕೈ ನಿಲ್ಲಿಸಿದ. "ಎರಡು ಕ್ಲಿಪ್ಪಿಗೆ, ಒಂದು ಕೊಡೆಕಡ್ಡಿಗೆ! ಡೈನಾ, ಹೇಗೂ ಮಣಿಪಾಲಕ್ಕೆ ಹೋಗುತ್ತೀಯಲ್ಲ, ತಲೆಯನ್ನೂ ಒಮ್ಮೆ ತೋರಿಸಿಕೊಂಡು ಬಾ."

"ಕ್ಲಿಪ್ಪಿಗೆ ಅಲ್ಲ ಮಾರಾಯ, ಯೋಚನೆಗೆ."

"ಯೋಚನೆ ಕಿಲೋಕ್ಕೆ ಎಷ್ಟು?"

"ಮಸ್ಕತಿನಲ್ಲಿ ನಮ್ಮ ಫೋರ್‌ಮ್ಯಾನ್ ಒಬ್ಬ ಕಿಟಕಿಗೆ ಹೊಸ ನಮೂನೆಯ ಚಿಲಕ ಮಾಡಿದ್ದ," ಎಂದ ಅವರ ಅಪ್ಪ ಸಿರಿಲ್. ಇಪ್ಪತ್ತು ವರ್ಷ ಅಲ್ಲಿ ಮರಗೆಲಸ ಮಾಡಿ ಬಂದವನಿಗೆ ಎಲ್ಲ ಮಾತೂ ಮಸ್ಕತಿನಿಂದಲೇ ಶುರುವಾಗಬೇಕು. "ಕಂಪೆನಿಯವರು ಅದನ್ನು ತಮ್ಮ ಹೆಸರಿಗೆ ಬರೆಸಿಕೊಂಡರು. ಅವನಿಗೆ ಸಿಕ್ಕಿದ್ದು ಒಂದು ಪ್ಯಾಕೆಟ್ ಖರ್ಜೂರ."

"ಕೇಳಿದೆಯಾ?" ಡೈನಾ ತಮ್ಮನ ಕಡೆ ತಿರುಗಿದಳು.

"ಖರ್ಜೂರವಾದರೂ ಸಿಕ್ಕಿತಲ್ಲ," ಎಂದ ಬ್ರಯಾನ್. ಅವನದು ಕೇಟರಿಂಗಿನ ಕೆಲಸ. ಮದುವೆಗಳಲ್ಲಿ ಬಡಿಸಿ ಬಡಿಸಿ, ಸ್ವಂತಕ್ಕೆ ಒಂದು ಆಟೋ ತೆಗೆಯಬೇಕೆಂದು ಮೂರು ವರ್ಷದಿಂದ ಹೇಳುತ್ತಲೇ ಇದ್ದ.

"ನಿನ್ನ ಹಣ ಅಲ್ಲ. ನನ್ನ ಬಳೆ."

ಶುಕ್ರವಾರ ಉಡುಪಿಯ ಚಿನ್ನದಂಗಡಿಯಲ್ಲಿ ಡೈನಾ ತನ್ನ ಜೋಡಿ ಬಳೆಯಲ್ಲಿ ಒಂದನ್ನು ಮಾರಿ ಬಂದಿದ್ದಳು. ಮದುವೆಗೆಂದು ಮಾಡಿಸಿದ ಬಳೆ. ಅವಳಿಗೆ ಈಗ ಮೂವತ್ತೊಂದು. ಮಣಿಪಾಲದ ಒಂದು ಕಾಲೇಜಿನ ವರ್ಕ್‌ಶಾಪಿನಲ್ಲಿ ಸಹಾಯಕಿ, ಗುತ್ತಿಗೆಯ ಕೆಲಸ. ಗುತ್ತಿಗೆ ಮಾರ್ಚ್ ಮೂವತ್ತೊಂದಕ್ಕೆ ಮುಗಿಯುತ್ತಿತ್ತು. ಮತ್ತೆ ಕರೆಯುವುದಿಲ್ಲ ಎಂದು ಮೇಲಿನವರು ಆಗಲೇ ಹೇಳಿದ್ದರು.

"ಮಮ್ಮಿ, ಇನ್ನೊಂದು ಸೌಟು ಸಾರು ಹಾಕು," ಎಂದಳು ಡೈನಾ. ಬಂಗುಡೆ ಮೀನಿನ ಸಾರಿದ್ದ ದಿನ ಅವಳು ಎರಡನೆಯ ಸಲ ಕೇಳದೆ ಏಳುವವಳಲ್ಲ.

ಕ್ಲಾರಾ ಸಾರು ಹಾಕಿದಳು. ಮಗಳ ಎಡಗೈ ಬರಿದಾಗಿತ್ತು. ಅದನ್ನು ನೋಡಬಾರದೆಂದು ಅವಳು ಪಾತ್ರೆಯನ್ನೇ ನೋಡಿದಳು.

ಮೂವತ್ತಾರು ವರ್ಷಗಳ ಹಿಂದೆ ಮದುವೆಯಾಗಿ ಶಂಕರಪುರಕ್ಕೆ ಬಂದ ಮರುದಿನವೇ ಕ್ಲಾರಾ ಅತ್ತೆಯ ಪಕ್ಕದಲ್ಲಿ ಮಲ್ಲಿಗೆ ಕಟ್ಟಲು ಕುಳಿತಿದ್ದಳು. ಮನೆಯ ಹಿಂದೆ ಹತ್ತು ಸೆಂಟ್ಸ್ ಜಾಗದಲ್ಲಿ ಎಪ್ಪತ್ತು ಗಿಡ. ಬೆಳಕು ಹರಿಯುವ ಮೊದಲು ಮೊಗ್ಗು ಕೊಯ್ಯಬೇಕು, ಒದ್ದೆ ಬಾಳೆನಾರಿನಲ್ಲಿ ಕಟ್ಟಬೇಕು, ಎಂಟುನೂರು ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಹನ್ನೊಂದು ಗಂಟೆಯೊಳಗೆ ವ್ಯಾಪಾರಿಗಳು ಕೊಳ್ಳುವ ಹೂವಿನ ಕಟ್ಟೆಗೆ ಮುಟ್ಟಿಸಬೇಕು. ಮಸ್ಕತಿನ ಹಣದಲ್ಲಿ ಮನೆ ಎದ್ದಿತು, ನಿಜ. ಆದರೆ ಮಕ್ಕಳ ಫೀಸು, ಸಿರಿಲನ ಮೊಣಕಾಲಿನ ಆಪರೇಶನ್, ದಿನದ ಮೀನು, ಇವೆಲ್ಲ ಮಲ್ಲಿಗೆಯಿಂದ ಬಂದವು.

ಎರಡು ವರ್ಷದ ಹಿಂದೆ ಅವಳ ಹೆಬ್ಬೆರಳು, ತೋರುಬೆರಳು ಬಿಗಿದುಕೊಂಡವು. ಡಾಕ್ಟರು ಬೆರಳಿಗೆ ವಿಶ್ರಾಂತಿ ಕೊಡಿ ಎಂದರು. "ಕೊಡಬಹುದು ಡಾಕ್ಟ್ರೇ, ಗಿಡಗಳಿಗೆ ಯಾರು ಹೇಳುವುದು?" ಎಂದು ಕೇಳಿ ಬಂದಿದ್ದಳು.

ಒಂದು ದಿನ ಬಟ್ಟೆ ಒಣಹಾಕುವಾಗ ಅವಳಿಗೆ ಹೊಳೆಯಿತು: ಬೆರಳು ಹಿಡಿಯದಿದ್ದರೆ ಕ್ಲಿಪ್ಪು ಹಿಡಿಯಲಿ. ಸಂಜೆ ಮಗಳಿಗೆ ಹೇಳಿದಳು. ಡೈನಾ ನಾಲ್ಕು ಭಾನುವಾರ ಅಮ್ಮನ ಎದುರು ಕುಳಿತು ಅವಳು ಕಟ್ಟುವುದನ್ನೇ ನೋಡಿದಳು. ನಾರು ಎಲ್ಲಿ ಸುತ್ತುತ್ತದೆ, ಎಲ್ಲಿ ಎಳೆಯುತ್ತಾಳೆ, ಯಾವಾಗ ನೋವಿಗೆ ಹುಬ್ಬು ಗಂಟಿಕ್ಕುತ್ತಾಳೆ. ಮೊದಮೊದಲು ಕ್ಲಿಪ್ಪು ಮೊಗ್ಗನ್ನು ಜಜ್ಜುತ್ತಿತ್ತು. ಚಪ್ಪಲಿಯ ರಬ್ಬರು ಅಂಟಿಸೋಣ ಎಂದವಳು ಕ್ಲಾರಾ. ಗಂಟು ಸಡಿಲವಾಗುತ್ತಿತ್ತು. ಕೊಡೆಯ ಕಡ್ಡಿಯನ್ನು ಕೊಕ್ಕೆಯ ಹಾಗೆ ಬಗ್ಗಿಸಿ, ಒಂದು ಸನ್ನೆಕೋಲಿನಿಂದ ನಾರನ್ನು ಎಳೆಯುವಂತೆ ಮಾಡಿದವಳು ಡೈನಾ. ಕೊನೆಗೆ ಆಗಸ್ಟಿನಲ್ಲಿ ಒಂದು ಅಂಗೈಯಗಲದ ಮಣೆ ಸಿದ್ಧವಾಯಿತು. ನಾಲ್ಕು ಮೊಗ್ಗು ಇಡುವುದು, ಅಂಗೈಯಿಂದ ಒತ್ತುವುದು. 'ಟಕ್.' ಗಂಟು ಬಿತ್ತು.

"ಇದನ್ನು ಜೋಪಾನವಾಗಿ ಇಡು ಮಮ್ಮಿ. ಇದು ಮೊದಲನೆಯದು," ಎಂದು ಡೈನಾ ಹೇಳಿದ್ದಳು. ಕ್ಲಾರಾ ಇಡಲಿಲ್ಲ.

ಅವಳದು ಒಂದು ಹರಕೆ ಇತ್ತು. ಬೆರಳಿಲ್ಲದೆ ಪೂರ್ತಿ ಒಂದು ಚೆಂಡು ಕಟ್ಟಿದ ದಿನ, ಕಟ್ಟಿಕೊಟ್ಟ ವಸ್ತು ಮಾತೆ ಮರಿಯಮ್ಮನಿಗೆ. ಆ ಕಡೆಯ ಮನೆಗಳಲ್ಲಿ ಮೊದಲು ಬಿಟ್ಟ ಸೋರೆಕಾಯಿ, ಮೊದಲು ಇಟ್ಟ ಮೊಟ್ಟೆ, ಮೊದಲ ತೆಂಗಿನ ಗೊನೆ ಇಗರ್ಜಿಗೆ ಹೋಗುತ್ತದೆ. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಏಲಂ. ನಲವತ್ತು ರೂಪಾಯಿಯ ಸೋರೆಕಾಯಿ ನಾನೂರಕ್ಕೆ ಹೋಗುವುದುಂಟು, ಹಣ ದೇವರದು ಎಂದು ಯಾರೂ ಹಿಂದೆ ಸರಿಯುವುದಿಲ್ಲ. ಸೆಪ್ಟೆಂಬರಿನ ತೆನೆ ಹಬ್ಬದಂದು ಕ್ಲಾರಾ ಮಣೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಒಯ್ದಳು. ಡೈನಾ ಪರೀಕ್ಷೆಯ ಡ್ಯೂಟಿಯಲ್ಲಿದ್ದಳು, ಬ್ರಯಾನ್ ಕಾರ್ಕಳದ ಒಂದು ಮದುವೆಯಲ್ಲಿ ಬಡಿಸುತ್ತಿದ್ದ. ಪಾದ್ರಿಯವರು ಮೈಕಿನಲ್ಲಿ, "ಇದು ಎಂತ ಕ್ಲಾರಾಬಾಯಿ? ನೀವೇ ತೋರಿಸಿ," ಎಂದರು. ಆರುನೂರು ಜನರ ಎದುರು ಅವಳು ಹನ್ನೆರಡು ಮೊಗ್ಗು ಕಟ್ಟಿ ತೋರಿಸಿದಳು. ಚಪ್ಪಾಳೆ ಬಿತ್ತು. ಹೂವಿನ ಕಟ್ಟೆಯ ವ್ಯಾಪಾರಿ, ಪಕ್ಕದ ಮನೆಯ ಸ್ಟ್ಯಾನಿಸ್ಲಾಸ್ ಐದು ಸಾವಿರದ ಇನ್ನೂರಕ್ಕೆ ಕೂಗಿ ತೆಗೆದುಕೊಂಡ.

ಮಗಳು ಬೈದಾಳೆಂದು ಕ್ಲಾರಾ ಒಂದು ಸಣ್ಣ ಸುಳ್ಳು ಹೇಳಿದಳು: ಮಣೆ ಬಿದ್ದು ಒಡೆಯಿತು, ಒಲೆಗೆ ಹಾಕಿದೆ. ಜೊತೆಗಿದ್ದ ಸಿರಿಲನಿಗೂ ಬಾಯಿ ಬಿಡಬೇಡಿ ಎಂದಳು. ಅವನು ಎರಡೇ ದಿನದಲ್ಲಿ ಆ ವಿಷಯವನ್ನೇ ಮರೆತ. ಡೈನಾ ಇನ್ನೊಂದು ಮಾಡಿಕೊಟ್ಟಳು, ಮೊದಲಿನದಕ್ಕಿಂತ ಚೆನ್ನಾಗಿಯೇ.

ಬಳೆ ಮಾರಿದ ಮರುವಾರದ ಮಂಗಳವಾರ ತಾಯಿ ಮಗಳು ಮಣಿಪಾಲಕ್ಕೆ ಹೋದರು. ಟೈಗರ್ ಸರ್ಕಲ್ಲಿನ ಹತ್ತಿರ ಎರಡನೆಯ ಮಹಡಿಯಲ್ಲಿ ಪೇಟೆಂಟಿನ ಕೆಲಸ ಮಾಡುವ ಶ್ರೇಯಾ ಎಂಬ ಹುಡುಗಿಯ ಆಫೀಸು. ಅವಳು ಮಣೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು, ಒತ್ತಿ ನೋಡಿದಳು, ನಕ್ಕಳು.

"ಇಬ್ಬರ ಹೆಸರೂ ಬರಬೇಕಾ ಮೇಡಂ?"

"ಇಬ್ಬರದೂ. ಮೊದಲು ಅಮ್ಮನದು," ಎಂದಳು ಡೈನಾ.

"ಹೆಂಗಸರ ಅರ್ಜಿಯಾದರೆ ಬೇಗ ಪರೀಕ್ಷೆಗೆ ತೆಗೆದುಕೊಳ್ಳಲಿಕ್ಕೆ ಕೇಳಬಹುದು. ಒಳ್ಳೆಯದೇ ಆಯಿತು." ಶ್ರೇಯಾ ಬರೆಯುತ್ತಾ ಹೋದಳು. ಆಮೇಲೆ ಪೆನ್ನು ಕೆಳಗಿಟ್ಟಳು. "ಇದೊಂದು ಸರಿಯಾಗಿ ಯೋಚಿಸಿ ಹೇಳಿ. ಇದನ್ನು ಈ ಮೊದಲು ಎಲ್ಲಿಯಾದರೂ ಮಾರಿದ್ದೀರಾ? ನಾಲ್ಕು ಜನರ ಎದುರು ತೋರಿಸಿದ್ದೀರಾ? ಪೇಪರಿನಲ್ಲಿ, ವಾಟ್ಸಾಪಿನಲ್ಲಿ ಬಂದದ್ದುಂಟಾ?"

ಕ್ಲಾರಾ ಬಾಯಿ ತೆರೆಯುವ ಮೊದಲೇ ಡೈನಾ, "ಇಲ್ಲ," ಎಂದಳು.

"ಆಂಟಿ?"

ಡೈನಾ ಅಮ್ಮನ ಕಡೆ ನೋಡಿದಳು. ಬಹಳ ಹೊತ್ತು ನೋಡಿದಳು ಎಂದು ಕ್ಲಾರಾಳಿಗೆ ಅನ್ನಿಸಿತು.

"ಮನೆಯಲ್ಲೇ ಇತ್ತು," ಎಂದಳು ಕ್ಲಾರಾ.

ಕೆಳಗೆ ಬಸ್ಸಿಗೆ ಕಾಯುವಾಗ ಅವಳು ಮೆಲ್ಲಗೆ ಕೇಳಿದಳು: "ಮೊದಲೇ ಮಾರಿದ್ದರೆ ಎಂತ ಆಗುತ್ತದೆ?"

"ಊರಿಗೆ ಗೊತ್ತಿದ್ದದ್ದು ಊರಿನದ್ದೇ. ಯಾರು ಬೇಕಾದರೂ ಮಾಡಬಹುದು, ಮಾರಬಹುದು. ನಮ್ಮ ಕಾಗದಕ್ಕೆ ಬೆಲೆ ಇಲ್ಲ."

ನಾನು ಮಾರಿದ್ದಲ್ಲ, ದೇವರಿಗೆ ಕೊಟ್ಟದ್ದು, ಎಂದು ಕ್ಲಾರಾ ತನ್ನೊಳಗೇ ಹೇಳಿಕೊಂಡಳು. ಆದರೆ ಪಾದ್ರಿಯವರ ಮೈಕು ಊರಿಡೀ ಕೇಳಿಸಿತ್ತು.

ಅರ್ಜಿ ಹೋಯಿತು. ಇನ್ನು ತೋರಿಸಬಹುದು ಎಂದು ಶ್ರೇಯಾ ಹೇಳಿದ ಮೇಲೆ ಡೈನಾ ಕಾರ್ಕಳದ ಧರಣೇಂದ್ರರಿಗೆ ಫೋನು ಮಾಡಿದಳು. ಅವರದು ಪ್ಲಾಸ್ಟಿಕ್ ಸಾಮಾನಿನ ಕಾರ್ಖಾನೆ; ಸ್ಟೂಲು, ಬಕೆಟ್ಟು, ಕ್ಲಿಪ್ಪು. ಜನವರಿಯ ಕೊನೆಯ ಶನಿವಾರ ಅವರೇ ಕಾರಿನಲ್ಲಿ ಬಂದರು. ಬಿಳಿ ಅಂಗಿ, ಮೆತ್ತಗಿನ ಮಾತು. ಸಿರಿಲ್ ಮಸ್ಕತಿನ ವಿಷಯ ತೆಗೆದರೆ ಕಿವಿಗೊಟ್ಟು ಕೇಳಿದರು. ನೀರು ಮಾತ್ರ ಸಾಕು ಎಂದರು. ಚಾವಡಿಯಲ್ಲಿ ಕುಳಿತು ಕ್ಲಾರಾ ಕಟ್ಟುವುದನ್ನು ಕಾಲು ಗಂಟೆ ನೋಡಿದರು.

"ಇದೇ ಮೊದಲನೆಯದಾ ಅಮ್ಮ?"

"ಇದು ಎರಡನೆಯದು."

"ಮೊದಲನೆಯದು ಒಡೆದುಹೋಯಿತು. ಅಲ್ವಾ ಮಮ್ಮಿ?" ಎಂದಳು ಡೈನಾ.

"ಹೌದು. ಒಲೆಗೆ ಹಾಕಿದೆ."

ಅಷ್ಟರಲ್ಲಿ ಬೇಲಿಯಾಚೆಯಿಂದ ಕೇಳಿಸಿತು. ಟಕ್. ಸ್ವಲ್ಪ ಬಿಟ್ಟು ಮತ್ತೊಂದು, ಟಕ್. ಕ್ಲಾರಾಳ ಕೈ ನಿಂತಿತ್ತು; ಶಬ್ದ ನಿಲ್ಲಲಿಲ್ಲ.

"ಪಕ್ಕದಲ್ಲಿಯೂ ಹೂ ಕಟ್ಟುತ್ತಾರಾ?" ಎಂದು ಕೇಳಿದರು ಧರಣೇಂದ್ರರು.

"ಈ ಊರಿನಲ್ಲಿ ಕಟ್ಟದವರು ಯಾರಿದ್ದಾರೆ?" ಎಂದ ಸಿರಿಲ್.

ಅವರು ನಕ್ಕರು, ನೀರಿನ ಲೋಟ ಕೆಳಗಿಟ್ಟರು, ಲೆಕ್ಕ ಹೇಳಿದರು. ಮಾಡಿ ಮಾರುವ ಹಕ್ಕಿಗೆ ಐದು ಲಕ್ಷ. ಕರಾರಿಗೆ ಸಹಿ ಹಾಕಿದ ದಿನ ಒಂದೂವರೆ, ಉಳಿದದ್ದು ಪೇಟೆಂಟ್ ಕೈಗೆ ಬಂದ ಮೇಲೆ. ಅವರ ಕಾರು ತಿರುವು ದಾಟುವವರೆಗೆ ಡೈನಾ ಗೇಟಿನಲ್ಲೇ ನಿಂತಿದ್ದಳು. ಸಂಜೆ ಊಟದ ಹೊತ್ತಿಗೆ ಅವಳ ಬಾಯಲ್ಲಿ ಒಂದೇ ಮಾತು: ಕಾಪುವಿನಲ್ಲಿ ಹೆದ್ದಾರಿಯ ಬದಿಗೆ ಒಂದು ಶೆಡ್ ಖಾಲಿ ಉಂಟು, ಮುಂಗಡ ಒಂದೂವರೆ ಲಕ್ಷ, ಹಳೆಯ ಲೇತ್ ಮೆಶಿನ್ ಅದರೊಳಗೇ ಉಂಟು.

"ಏಪ್ರಿಲ್ ಒಂದಕ್ಕೆ ಬಾಗಿಲು ತೆರೆಯುವುದು. ಯಾರ ಗುತ್ತಿಗೆಯೂ ಬೇಡ."

"ಬೋರ್ಡಿನಲ್ಲಿ ಎಂತ ಬರೆಯುವುದು? ಕ್ಲಿಪ್ಪು ಮತ್ತು ಮಗಳು?" ಎಂದ ಬ್ರಯಾನ್.

"ನಿನ್ನ ಆಟೋ ರಿಪೇರಿಗೆ ಬಂದರೆ ಡಬಲ್ ಚಾರ್ಜು."

ಅಂದು ಎಲ್ಲರೂ ನಕ್ಕರು. ಡೈನಾ ಎರಡು ಸಲ ಗುಳ್ಳ ಬದನೆಯ ಸಾರು ಹಾಕಿಸಿಕೊಂಡಳು. ಅಷ್ಟು ಖುಷಿಯಾಗಿ ಅವಳು ಉಂಡದ್ದನ್ನು ಕ್ಲಾರಾ ವರ್ಷಗಳಿಂದ ಕಂಡಿರಲಿಲ್ಲ. ಅದಕ್ಕೇ ಬಾಯಿಗೆ ಬಂದ ಮಾತನ್ನು ನುಂಗಿದಳು.

ಮುಂದಿನ ಗುರುವಾರ ಕಟ್ಟೆಯಲ್ಲಿ ಅವಳ ಎರಡು ಅಟ್ಟೆ ಹೂವನ್ನು ತೆಗೆದುಕೊಳ್ಳುತ್ತಾ ಸ್ಟ್ಯಾನಿಸ್ಲಾಸ್ ಹೇಳಿದ: "ನಿಮ್ಮ ಮಣೆಗೆ ಒಳ್ಳೆ ಹೆಸರು ಬಂತು ಕ್ಲಾರಾಬಾಯಿ. ಮೊನ್ನೆ ಇಬ್ಬರು ಕಾರಿನಲ್ಲಿ ಬಂದಿದ್ದರು. ಹೂವಿನ ರೇಟು ಕೇಳಿದರು, ಹೂ ಮಾತ್ರ ತೆಗೆದುಕೊಳ್ಳಲಿಲ್ಲ. ಮನೆಯಲ್ಲಿ ನನ್ನ ಹೆಂಡತಿ ವಿಲ್ಮಾ ಕಟ್ಟುವುದನ್ನು ನೋಡಿ ಫೋಟೊ ತೆಗೆದರು. ಮೇಲಿನಿಂದ, ಕೆಳಗಿನಿಂದ, ಬದಿಯಿಂದ. ಮಗುವಿನ ನಾಮಕರಣಕ್ಕೂ ಅಷ್ಟು ಫೋಟೊ ತೆಗೆಯುವುದಿಲ್ಲ."

"ನೀವು ಎಂತ ಹೇಳಿದಿರಿ?"

"ಇದ್ದದ್ದು ಹೇಳಿದೆ. ಇಗರ್ಜಿಯ ಏಲಂನಲ್ಲಿ ತೆಗೆದದ್ದು, ತೆನೆ ಹಬ್ಬದ ದಿನ, ಐದು ಸಾವಿರದ ಇನ್ನೂರಕ್ಕೆ. ಪತ್ರಿಕೆಯಲ್ಲಿಯೂ ಬಂದಿದೆ ಎಂದೆ. ಯಾಕೆ, ಹೇಳಬಾರದಿತ್ತಾ?"

ಪತ್ರಿಕೆ! ಕ್ಲಾರಾ ಅದನ್ನು ಮರೆತೇಬಿಟ್ಟಿದ್ದಳು. ಇಗರ್ಜಿಯಿಂದ ಮೂರು ತಿಂಗಳಿಗೊಮ್ಮೆ ಬರುವ ಪುಸ್ತಿಕೆ. ಹುಟ್ಟಿದವರು, ಸತ್ತವರು, ಮದುವೆಯಾದವರು, ಏಲಂನಲ್ಲಿ ಏನು ಎಷ್ಟಕ್ಕೆ ಹೋಯಿತು ಎಲ್ಲ ಅದರಲ್ಲಿ ಅಚ್ಚಾಗುತ್ತದೆ. ನಾನೂರು ಮನೆಗೆ ನಾನೂರು ಪ್ರತಿ. ಅಕ್ಟೋಬರಿನದರಲ್ಲಿ ಅವಳ ಫೋಟೊ ಇತ್ತು, ಕೈಯಲ್ಲಿ ಮಣೆ.

ಚಪ್ಪಲಿಯನ್ನೂ ಕಳಚದೆ ಅವಳು ಮನೆಯ ಕಪಾಟು ತೆರೆದಳು. ಪುಸ್ತಿಕೆ ಅಲ್ಲೇ ಇತ್ತು. ಹದಿಮೂರು, ಹದಿನಾಲ್ಕು, ಆಮೇಲೆ ಹದಿನೇಳು. ನಡುವಿನ ಹಾಳೆ ಯಾರೋ ಅಳತೆ ಪಟ್ಟಿ ಇಟ್ಟು ಹರಿದಂತೆ ನೀಟಾಗಿ ಹರಿದುಹೋಗಿತ್ತು.

ಮನೆಯಲ್ಲಿ ಯಾರಿಗೋ ಗೊತ್ತಿದೆ.

"ಇಲ್ಲಿ ಕೇಳಿ, ಪತ್ರಿಕೆಯ ಹಾಳೆ ಹರಿದದ್ದು ನೀವಾ?" ಎಂದು ಅವಳು ಸಿರಿಲನನ್ನು ಕೇಳಿದಳು.

"ನಾನು ಯಾಕೆ ಹರಿಯಲಿ? ಮಸ್ಕತಿನಲ್ಲಿ ನಾವು ಒಂದು ಪೇಪರನ್ನು ಆರು ಜನ ಓದಿ ಹಾಗೆಯೇ ಮಡಚಿ ಇಡುತ್ತಿದ್ದೆವು."

ಮಧ್ಯಾಹ್ನ ಬ್ರಯಾನನನ್ನು ಕೇಳಿದಳು. ಅವನು ಹುರಿದ ಬೂತಾಯಿಯ ಮುಳ್ಳು ಬಿಡಿಸುತ್ತಾ ತಲೆ ಎತ್ತಿದ. "ಯಾವ ಹಾಳೆ? ಅದರಲ್ಲಿ ಎಂತ ಇತ್ತು?"

"ಏನಿಲ್ಲ. ಸತ್ತವರ ಪಟ್ಟಿ."

"ಏನಿಲ್ಲದ್ದಕ್ಕೆ ನಿನ್ನ ಮುಖ ಯಾಕೆ ಹಾಗೆ? ಎಂತ ಮಾಡಿದ್ದೀ ಮಮ್ಮಿ?"

"ಮೀನು ತಿನ್ನು ಪುತಾ. ತಣ್ಣಗಾಗುತ್ತದೆ."

ಡೈನಾಳನ್ನು ಕೇಳುವ ಧೈರ್ಯ ಅವಳಿಗೆ ಬರಲಿಲ್ಲ. ಅಂದಿನಿಂದ ಬೆಳಗ್ಗೆ ಹೂ ಕಟ್ಟುವಾಗ ಬೇಲಿಯಾಚೆಯ ಶಬ್ದ ಅವಳ ಶಬ್ದಕ್ಕಿಂತ ಜೋರಾಗಿ ಕೇಳತೊಡಗಿತು. ಇವಳದು ಒಂದಾದರೆ ಅಲ್ಲಿಯದು ಒಂದು. ರಸ್ತೆಯಲ್ಲಿ ಕಾರು ನಿಧಾನಿಸಿದರೆ ಎದ್ದು ನೋಡುತ್ತಿದ್ದಳು.

ಕರಾರಿನ ದಿನ ಗೊತ್ತಾಯಿತು, ಫೆಬ್ರವರಿ ಇಪ್ಪತ್ತೈದು. ಅದಕ್ಕೆ ಮೂರು ದಿನ ಮುಂಚೆ ಕ್ಲಾರಾ ಹೂವಿನ ಹಣದಲ್ಲಿ ಆರು ಸಾವಿರ ಸೆರಗಿಗೆ ಕಟ್ಟಿಕೊಂಡು ಬೇಲಿಯಾಚೆ ಸ್ಟ್ಯಾನಿಸ್ಲಾಸನ ಮನೆಗೆ ಹೋದಳು. ಚಾವಡಿಯಲ್ಲಿ ಅವನ ಹೆಂಡತಿ ವಿಲ್ಮಾ ಕುಳಿತಿದ್ದಳು. ಪಾರ್ಶ್ವವಾಯು ಹೊಡೆದು ಅವಳ ಬಲಗೈ ಎರಡು ವರ್ಷದಿಂದ ಮಡಿಲಲ್ಲೇ ಬಿದ್ದಿತ್ತು. ಎಡಗೈಯಿಂದ ಮೊಗ್ಗು ಇಡುತ್ತಿದ್ದಳು, ಎಡಗೈಯಿಂದಲೇ ಒತ್ತುತ್ತಿದ್ದಳು.

"ಬಾ ಕ್ಲಾರಾ. ನೋಡು, ಇವತ್ತು ಅರ್ಧ ಚೆಂಡು ಆಯಿತು. ಮೊದಲು ಇವರು ಹೂ ತರುವಾಗ ನಾನು ಗೋಡೆ ನೋಡುತ್ತಿದ್ದೆ. ಈಗ ಬೇಗ ತನ್ನಿ ಎಂದು ನಾನೇ ಬೈಯುತ್ತೇನೆ. ದೇವರು ನಿನಗೆ ಒಳ್ಳೆಯದು ಮಾಡಲಿ."

ಕ್ಲಾರಾ ಕಾಫಿ ಕುಡಿದಳು. ಗಂಟು ಬಿಚ್ಚಲಿಲ್ಲ. ಆರು ಸಾವಿರವನ್ನು ಹಾಗೆಯೇ ಮರಳಿ ತಂದು ಅಕ್ಕಿ ಡಬ್ಬದಲ್ಲಿ ಇಟ್ಟಳು. ಇಷ್ಟಕ್ಕೂ ಆ ಮಣೆಯನ್ನು ತಂದು ಸುಟ್ಟರೂ ನಾನೂರು ಪುಸ್ತಿಕೆಗಳನ್ನು ಯಾವ ಒಲೆಗೆ ಹಾಕುವುದು?

ಇಪ್ಪತ್ತೈದರಂದು ಶಿರ್ವ, ಬೆಳ್ಮಣ್ ದಾಟಿ ಬಸ್ಸು ಕಾರ್ಕಳ ಮುಟ್ಟುವಾಗ ಹತ್ತೂವರೆ. ಧರಣೇಂದ್ರರ ಕಾರ್ಖಾನೆಯ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕಾಗದಗಳು ಹಾರದಂತೆ ಒಂದು ಕಲ್ಲು ಇಟ್ಟಿದ್ದರು. ಎಂಟು ಪುಟ, ಇಂಗ್ಲಿಷಿನಲ್ಲಿ. ಡೈನಾ ಪೆನ್ನು ತೆರೆದಳು.

"ನನಗೆ ಕನ್ನಡದಲ್ಲಿ ಹೇಳಿ," ಎಂದಳು ಕ್ಲಾರಾ.

"ಮಮ್ಮಿ, ನಾನು ಓದಿದ್ದೇನೆ."

"ನನ್ನ ಹೆಸರೂ ಉಂಟಲ್ಲ? ನನಗೂ ಕೇಳಬೇಕು."

ಗುಮಾಸ್ತ ಒಂದೊಂದೇ ಹೇಳಿದ. ಒಂದು, ಎರಡು, ಮೂರು. ನಾಲ್ಕನೆಯದು ಹೀಗಿತ್ತು: ಈ ವಸ್ತುವನ್ನು ಅರ್ಜಿ ಹಾಕುವ ಮೊದಲು ನಾವು ಎಲ್ಲಿಯೂ ಮಾರಿಲ್ಲ, ಬಹಿರಂಗ ಮಾಡಿಲ್ಲ. ಅದು ಸುಳ್ಳೆಂದು ಕಂಡುಬಂದರೆ ಪಡೆದ ಹಣದ ಎರಡರಷ್ಟನ್ನು ಹಿಂದಿರುಗಿಸುತ್ತೇವೆ. ತಪ್ಪಿದರೆ ಮನೆ ಮತ್ತು ಹಿತ್ತಲು ಅದಕ್ಕೆ ಜಾಮೀನು.

"ಐದು ಲಕ್ಷ ಬಂದರೆ ಹತ್ತು ಲಕ್ಷ," ಎಂದಳು ಕ್ಲಾರಾ.

"ಅದು ಎಲ್ಲರೂ ಬರೆಯುವ ಮಾತು ಮಮ್ಮಿ. ಸಹಿ ಹಾಕು." ಡೈನಾ ಪೆನ್ನನ್ನು ಅಮ್ಮನ ಕಡೆ ಚಾಚಿದಳು.

ಕ್ಲಾರಾ ಮಗಳ ಒಂಟಿ ಬಳೆಯನ್ನು ನೋಡಿದಳು. ಆಮೇಲೆ ಧರಣೇಂದ್ರರ ಕಡೆ ತಿರುಗಿದಳು. "ಮೊದಲನೆಯದು ಒಡೆಯಲಿಲ್ಲ. ನಾನು ಇಗರ್ಜಿಗೆ ಕೊಟ್ಟೆ. ಏಲಂನಲ್ಲಿ ಹೋಯಿತು. ಆರುನೂರು ಜನರ ಎದುರು ಕಟ್ಟಿ ತೋರಿಸಿದ್ದೇನೆ. ನನ್ನ ಮಗಳಿಗೆ ಇದು ಗೊತ್ತಿಲ್ಲ."

ಯಾವಾಗ, ಎಲ್ಲಿ, ಎಷ್ಟಕ್ಕೆ ಎಂದು ಧರಣೇಂದ್ರರು ಕೇಳಲಿಲ್ಲ. ಮೇಜಿನ ಖಾನೆ ಎಳೆದು ಒಂದು ಫೋಟೊ ತೆಗೆದು ಕಲ್ಲಿನ ಪಕ್ಕ ಇಟ್ಟರು. ವಿಲ್ಮಾಳ ಎಡಗೈ, ಅದರ ಕೆಳಗೆ ಮಣೆ.

"ಇದೇ ಅಲ್ವಾ ಅಮ್ಮ?"

"ಗೊತ್ತಿದ್ದೂ ಈ ಕಾಗದ ಬರೆಸಿದಿರಾ?"

"ಗೊತ್ತಿದ್ದದ್ದಕ್ಕೇ ನಾಲ್ಕನೆಯದು ಬರೆಸಿದ್ದು." ಅವರ ಮಾತು ಮೊದಲಿನಷ್ಟೇ ಮೆತ್ತಗಿತ್ತು. "ನಾನು ಮೋಸ ಮಾಡಲಿಲ್ಲ. ನೀವು ಸತ್ಯ ಹೇಳುತ್ತೀರೆಂದು ಬರೆದು ಕೊಡಿ ಎಂದೆ, ಅಷ್ಟೇ. ಈಗ ಹೇಳಿದಿರಿ, ಸಂತೋಷ. ಇನ್ನು ಇದನ್ನು ಮಾಡಲಿಕ್ಕೆ ನನಗೆ ಯಾರ ಕಾಗದವೂ ಬೇಡ. ಚಹಾ ಕುಡಿದು ಹೋಗಿ."

ಚಹಾ ಬಂತು. ಇಬ್ಬರೂ ಮುಟ್ಟಲಿಲ್ಲ.

ಬಸ್ಸಿನಲ್ಲಿ ಬೆಳ್ಮಣ್ ದಾಟುವವರೆಗೆ ಡೈನಾ ಕಿಟಕಿಯ ಕಡೆಗೇ ನೋಡಿದಳು. ಕ್ಲಾರಾ ಕಾದಳು. ಬೈಯಲಿ, ಅಳಲಿ, ಏನಾದರೂ ಮಾಡಲಿ ಎಂದು ಕಾದಳು.

"ನನಗೆ ಗೊತ್ತಿತ್ತು," ಎಂದಳು ಡೈನಾ.

"ಎಂತ?"

"ಮಣಿಪಾಲಕ್ಕೆ ಹೋಗುವ ಹಿಂದಿನ ದಿನ ಕಪಾಟಿನಲ್ಲಿ ಆಧಾರ್ ಕಾರ್ಡು ಹುಡುಕಿದೆ. ಪತ್ರಿಕೆ ಸಿಕ್ಕಿತು. ಹಾಳೆ ಹರಿದದ್ದು ನಾನೇ."

"ಮತ್ತೆ ಆ ಹುಡುಗಿ ಕೇಳಿದಾಗ ಇಲ್ಲ ಎಂದೆಯಲ್ಲ?"

"ನೀನು ಹೇಳುತ್ತೀಯಾ ಎಂದು ನಿನ್ನ ಮುಖ ನೋಡಿದೆ. ನೀನು ಹೇಳಲಿಲ್ಲ. ಬಳೆ ಆಗಲೇ ಮಾರಿ ಆಗಿತ್ತು. ಆಮೇಲೆ ನೀನು ಎಂದಿಗೂ ಹೇಳದಿದ್ದರೆ ಸಾಕು ಎಂದು ದಿನಾ ಬೇಡಿಕೊಂಡೆ."

"ಹತ್ತು ಲಕ್ಷ ಕೇಳುತ್ತಿದ್ದರು ಮಗಾ. ಮನೆ ಹೋಗುತ್ತಿತ್ತು."

"ಗೊತ್ತು. ಎರಡು ವರ್ಷ ಯಾರಿಗೂ ಗೊತ್ತಾಗದಿದ್ದರೆ ಅಷ್ಟರಲ್ಲಿ ನಾನು ದುಡಿದು ಕಟ್ಟುತ್ತಿದ್ದೆ ಎಂದು ಲೆಕ್ಕ ಹಾಕಿದ್ದೆ." ಅವಳು ಬ್ಯಾಗಿನಿಂದ ನಾಲ್ಕಾಗಿ ಮಡಚಿದ ಒಂದು ಹಾಳೆ ತೆಗೆದು ಅಮ್ಮನ ಮಡಿಲಲ್ಲಿ ಇಟ್ಟಳು. "ಇದನ್ನು ಸುಡಲಿಕ್ಕೆ ಆಗಲಿಲ್ಲ. ಇದರಲ್ಲಿ ನೀನು ನಗುತ್ತಿದ್ದೀ."

ಕ್ಲಾರಾ ಅದನ್ನು ಬಿಡಿಸಲಿಲ್ಲ. ಶ್ರೇಯಾಳಿಗೆ ಎಲ್ಲ ತಿಳಿಸಿ ಅರ್ಜಿಯನ್ನು ಹಿಂದೆ ತೆಗೆದುಕೊಂಡರು. ಅವಳಿಗೆ ಕೊಟ್ಟ ಹಣವಾಗಲಿ ಸರಕಾರಕ್ಕೆ ಕಟ್ಟಿದ ಹಣವಾಗಲಿ ಮರಳಿ ಬರಲಿಲ್ಲ.

ಈಸ್ಟರ್ ಕಳೆದ ಎರಡನೆಯ ವಾರ ಬ್ರಯಾನ್ ಉಡುಪಿಯಿಂದ ಒಂದು ಪೊಟ್ಟಣ ತಂದು ಊಟದ ಮೇಜಿನ ಮೇಲೆ ಇಟ್ಟ. ನೀಲಿ ಪ್ಲಾಸ್ಟಿಕ್ಕಿನ ಮಣೆ, ಇನ್ನೂರ ಎಂಬತ್ತು ರೂಪಾಯಿ. ಕ್ಲಿಪ್ಪಿನ ಬಾಯಿಗೆ ರಬ್ಬರು, ಕೊಡೆಕಡ್ಡಿಯ ಜಾಗದಲ್ಲಿ ಸ್ಟೀಲಿನ ಕೊಕ್ಕೆ. ಯಾರೂ ತಮಾಷೆ ಮಾಡಲಿಲ್ಲ. ಸಿರಿಲ್ ಅದನ್ನು ತಿರುಗಿಸಿ ನೋಡಿ, ಮಸ್ಕತಿನ ಹೆಸರೆತ್ತದೆ ಕೆಳಗಿಟ್ಟ.

ಮೇ ತಿಂಗಳಿನ ಹೊತ್ತಿಗೆ ಶಂಕರಪುರದಲ್ಲಿ ಬೆಳಗ್ಗೆ ಯಾವ ಬೇಲಿಯ ಪಕ್ಕ ಹೋದರೂ ಅದೇ ಶಬ್ದ ಕೇಳಿಸುತ್ತಿತ್ತು. ಬೆರಳು ಬಿಗಿದ ಹೆಂಗಸರು ಆ ಊರಿನಲ್ಲಿ ಎಷ್ಟಿದ್ದರೆಂದು ಕ್ಲಾರಾಳಿಗೆ ಆಗ ತಿಳಿಯಿತು. ಅವರಿಗೆಲ್ಲ ಉಪಕಾರವಾಯಿತು, ಅದು ಸುಳ್ಳಲ್ಲ.

ಈ ಮನೆಯ ಮಟ್ಟಿಗೆ ಹೋದದ್ದು ಇಷ್ಟು: ಒಂದು ಬಳೆ, ಐದು ಲಕ್ಷ, ಕಾಪುವಿನ ಶೆಡ್. ಅದರಲ್ಲಿ ಈಗ ಟಯರಿನ ಅಂಗಡಿ. ಉಳಿದದ್ದು ಮನೆ, ಎಪ್ಪತ್ತು ಗಿಡ ಮತ್ತು ಇನ್ನೊಂದು ಬಳೆ. ಡೈನಾ ಮಣಿಪಾಲದ ಕೈಗಾರಿಕಾ ಪ್ರದೇಶದಲ್ಲಿ ಮತ್ತೊಂದು ಗುತ್ತಿಗೆಗೆ ಸೇರಿದ್ದಾಳೆ, ಸಂಬಳ ಮೊದಲಿಗಿಂತ ಎರಡು ಸಾವಿರ ಕಡಿಮೆ. ಸಂಜೆ ಏಳಕ್ಕೆ ಬಂದು, ಕೈ ತೊಳೆದು, ಅಮ್ಮ ಬಡಿಸಿದ್ದನ್ನು ಉಣ್ಣುತ್ತಾಳೆ. ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ, ಮುಖ ಗಂಟಿಕ್ಕುವುದಿಲ್ಲ. ಬಂಗುಡೆ ಸಾರು ಮಾಡಿದ ದಿನ ಕ್ಲಾರಾ ಸೌಟು ಹಿಡಿದು ಸ್ವಲ್ಪ ಹೊತ್ತು ಅವಳ ಪಕ್ಕದಲ್ಲೇ ನಿಲ್ಲುತ್ತಾಳೆ. ಡೈನಾ ಎರಡನೆಯ ಸಲ ಕೇಳುವುದಿಲ್ಲ.